ಬೇಡವೆಂದು ಬರೆದಿಟ್ಟ ಪಟ್ಟಿ

ನನಗೆ ಸಿಟ್ಟು ಬೇಗ ಬರುತ್ತದೆ, ಅಷ್ಟೇ ಬೇಗ ಇಳಿಯುತ್ತದೆ ಎಂದು ನಮ್ಮ ಮನೆಯವರೆಲ್ಲ ಹೇಳುತ್ತಾರೆ. ಈ ಸಿಟ್ಟಿಗೆ ಮಾತ್ರ ಎರಡು ವರ್ಷವಾಯಿತು, ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ತುರುವೇಕೆರೆಯಲ್ಲಿ ಮನೆಯಲ್ಲೇ ಕೂತು ನಾನು ಮಾಡುವ ಕೆಲಸ ಏನೆಂದು ಕೇಳಿದವರಿಗೆ ಹೇಳುವುದು ಕಷ್ಟ. ಒಂದು ಕಂಪನಿ ದಿನಾ ಬೆಳಿಗ್ಗೆ ನನಗೆ ವೆಬ್‌ಸೈಟುಗಳ ಪಟ್ಟಿ ಕಳಿಸುತ್ತದೆ. ಆ ಕಂಪನಿಯ ಗಿರಾಕಿಗಳಿಗೆ ತಮ್ಮ ತಮ್ಮ ಸೈಟು ಸರ್ಚಿನಲ್ಲಿ ಮೇಲೆ ಬರಬೇಕು. ಹಾಗೆ ಬರಬೇಕಾದರೆ ಬೇರೆ ಸೈಟುಗಳು ಅದರ ಕಡೆ ಬೆರಳು ತೋರಿಸಬೇಕು, ಅಂದರೆ ಲಿಂಕು ಕೊಡಬೇಕು. ಬ್ಯಾಕ್‌ಲಿಂಕ್ ಎನ್ನುವುದು ಅದಕ್ಕೇ. ಮರ್ಯಾದಸ್ಥರು ಬೆರಳು ತೋರಿಸಿದರೆ ಜನ ನಂಬುತ್ತಾರೆ. ಪುಂಡರು ತೋರಿಸಿದರೆ ಇದ್ದ ಹೆಸರೂ ಕೆಡುತ್ತದೆ. ಯಾವುದು ಮರ್ಯಾದಸ್ಥ ಸೈಟು, ಯಾವುದು ಪುಂಡ ಸೈಟು ಎಂದು ನೋಡಿ, ಎದುರಿಗೆ 'ಬೇಕು' ಇಲ್ಲವೇ 'ಬೇಡ' ಎಂದು ಬರೆಯುವುದು ನನ್ನ ಕೆಲಸ. ಪಕ್ಕದ ಕಾಲಮ್ಮಿನಲ್ಲಿ ಕಾರಣವನ್ನೂ ಬರೆಯಬೇಕು.

ಈ ಕೆಲಸ ನನಗೆ ಯಾರೂ ಹೇಳಿಕೊಡಲಿಲ್ಲ ಎಂದರೆ ಸುಳ್ಳು. ನಮ್ಮಪ್ಪ ಉಂಡೆ ಕೊಬ್ಬರಿ ಮಾರುವಾಗ ಪಕ್ಕದಲ್ಲಿ ನಿಂತು ಕಲಿತಿದ್ದೆ. ಕೊಳ್ಳಲು ಬಂದ ಸಾಹುಕಾರನ ಆಳು ಚೀಲದ ಮೇಲಿನ ಕೊಬ್ಬರಿಯನ್ನು ಮುಟ್ಟುತ್ತಲೇ ಇರಲಿಲ್ಲ. ಮೊಳಕೈವರೆಗೆ ಕೈ ಇಳಿಸಿ, ಅಡಿಯಿಂದ ಒಂದನ್ನು ತೆಗೆದು ಒಡೆದು ಮೂಸುತ್ತಿದ್ದ. ಒಳಗೆ ಬಿಳುಪಿದ್ದರೆ ಸರಿ, ಕೆಟ್ಟು ಕೌಟು ವಾಸನೆ ಹೊಡೆದರೆ ಚೀಲ ವಾಪಸ್ಸು. ನಾನೂ ಅಷ್ಟೇ. ಸೈಟಿಗೆ ಯಾರೋ ಕೊಟ್ಟ ಸ್ಕೋರು, ಮುಖಪುಟದ ಅಂದಚಂದ, ಇವನ್ನೆಲ್ಲ ನಂಬುವುದಿಲ್ಲ. ಹಿಂದಿನ ವರ್ಷದ ಪುಟಕ್ಕೆ ಹೋಗುತ್ತೇನೆ. ಬರೆದವರು ಯಾರು, ಓದುವವರು ಇದ್ದಾರೆಯೇ, ಮಂಡಿನೋವಿನ ಲೇಖನದ ಮಧ್ಯೆ ರಮ್ಮಿ ಆಟದ ಲಿಂಕು ಯಾಕಿದೆ, ಕೇಳಿದವರಿಗೆಲ್ಲ ಜಾಗ ಕೊಡುತ್ತಾರೆಯೇ ಎಂದು ನೋಡುತ್ತೇನೆ. ಹತ್ತರಲ್ಲಿ ಎಂಟಕ್ಕೆ 'ಬೇಡ' ಬೀಳುತ್ತದೆ.

ನಮ್ಮ ಕಡೆ ಇನ್ನೊಂದು ಪದ್ಧತಿಯಿದೆ. ನೆಂಟರ ಕೊಬ್ಬರಿಯನ್ನು ಯಾರೂ ಒಡೆದು ನೋಡುವುದಿಲ್ಲ. ಅವರು ಚೀಲ ಇಳಿಸಿದರೆ, ಬಾಯಿ ಕಟ್ಟಿದ್ದು ಕಟ್ಟಿದ ಹಾಗೇ ಒಳಗೆ ಹೋಗುತ್ತದೆ. ಕೈ ಹಾಕಿದರೆ ಉಣ್ಣಲು ಕೂತ ನೆಂಟರ ತಟ್ಟೆಯಲ್ಲಿ ಎಷ್ಟು ಮುದ್ದೆ ಇದೆ ಎಂದು ಎಣಿಸಿದ ಹಾಗೆ. ನಮ್ಮಪ್ಪ ಎಷ್ಟೋ ಸಲ ಕೌಟು ಕೊಬ್ಬರಿಯನ್ನು ಹಾಗೆಯೇ ಒಳಗೆ ಇಡಿಸಿಕೊಂಡು ಮಾತಾಡದೆ ಇದ್ದದ್ದನ್ನು ನೋಡಿದ್ದೇನೆ. ಆಗ ಅದು ದೊಡ್ಡತನ ಎಂದುಕೊಂಡಿದ್ದೆ.

ನಮ್ಮಕ್ಕನನ್ನು ಕೊಟ್ಟಿರುವುದು ದಂಡಿನಶಿವರದ ಹತ್ತಿರದ ಒಂದು ಹಳ್ಳಿಗೆ. ಅಟ್ಟದ ತುಂಬ ಕಾಯಿ ಇರುವ ಮನೆ. ಅಲ್ಲಿ ಅವಳು ಹಟ ಹಿಡಿದು ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಕರೆಂಟಿನಿಂದ ತಿರುಗುವ ಮರದ ಗಾಣ ಹಾಕಿಸಿದಳು. ಹದಿನೆಂಟು ವರ್ಷ ಆ ಮನೆಯಲ್ಲಿ ಬೇರೆಯವರು ಹೇಳಿದ ಕೆಲಸವನ್ನೇ ಮಾಡಿದವಳು ತಾನಾಗಿ ಕೇಳಿದ್ದು ಅದೊಂದೇ. ಅವಳ ಅತ್ತೆ ಕೆಟ್ಟವರಲ್ಲ, ಲೆಕ್ಕಾಚಾರದ ಹೆಂಗಸು. ಈ ಅಟ್ಟದ ಕಾಯಿ ನಿನಗೆ, ಬರುವ ಗೌರಿ ಹಬ್ಬದವರೆಗೆ ನೋಡುತ್ತೇನೆ, ಎಣ್ಣೆ ಹೋಗದಿದ್ದರೆ ಉಳಿದದ್ದು ತಿಪಟೂರು ಮಾರ್ಕೆಟ್ಟಿಗೆ ಹೋಗುತ್ತದೆ, ಗಾಣದ ಮಾತು ಮತ್ತೆ ಎತ್ತಬಾರದು ಎಂದರು. ಅಕ್ಕ ಒಪ್ಪಿದಳು.

ಅವಳ ಸೈಟು ಮಾಡಿದವಳು ನಾನು. ಗಾಣದ ಫೋಟೋ, ಅಟ್ಟದ ಫೋಟೋ ಹಾಕಿ, ಕಾಯಿ ಕೊಬ್ಬರಿಯಾಗಲು ಹಿಡಿಯುವ ತಿಂಗಳುಗಳ ಬಗ್ಗೆ ಅಕ್ಕ ಹೇಳಿದ್ದನ್ನು ಹೇಳಿದ ಹಾಗೇ ಬರೆದೆ. ಅಡುಗೆ ಬಗ್ಗೆ ಬರೆಯುವ ಇಬ್ಬರು ಹೆಂಗಸರು ಎಣ್ಣೆ ತರಿಸಿ, ಬಳಸಿ, ಮನಸ್ಸಿಗೆ ಬಂದು ತಮ್ಮ ಸೈಟಿನಲ್ಲಿ ಅಕ್ಕನ ಸೈಟಿನ ಲಿಂಕು ಹಾಕಿದರು. ಅಷ್ಟೇ ಸಾಕಾಯಿತು. ಗಾಣದ ಕೊಬ್ಬರಿ ಎಣ್ಣೆ ಎಂದು ಹುಡುಕಿದರೆ ಮೊದಲ ಪುಟದಲ್ಲೇ ಅಕ್ಕ ಬರುತ್ತಿದ್ದಳು. ದಿನಾ ಫೋನು. ಅಕ್ಕ ಗಾಣದ ಸದ್ದಿನಲ್ಲಿ ಕೂಗಿ ಕೂಗಿ ಮಾತಾಡುವುದನ್ನು ಕಲಿತಳು.

ಆಗ ಬಂದವನು ನಮ್ಮ ದೊಡ್ಡಪ್ಪನ ಮಗ, ನಮ್ಮಿಬ್ಬರಿಗೂ ಅಣ್ಣ. ತುರುವೇಕೆರೆ ಬಸ್ ಸ್ಟ್ಯಾಂಡಿನ ಹತ್ತಿರ ಮಹಡಿ ಮೇಲೆ ಜೆರಾಕ್ಸು, ಪಹಣಿ, ಅರ್ಜಿ ತುಂಬುವ ಅಂಗಡಿ ಇಟ್ಟಿದ್ದವನು ಆ ವರ್ಷ ಬೋರ್ಡು ಬದಲಾಯಿಸಿ ಡಿಜಿಟಲ್ ಮಾರ್ಕೆಟಿಂಗ್ ಎಂದು ಬರೆಸಿದ್ದ. ನಮ್ಮ ಮನೆಯಲ್ಲಿ ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು, ನಿನ್ನ ಕೆಲಸ ನನಗೂ ಸ್ವಲ್ಪ ತಿಳಿಸು ಎಂದ. ನೀನು ಬೇಡ ಅನ್ನುವ ಸೈಟುಗಳ ಪಟ್ಟಿ ಕೊಡು ಎಂದ.

"ಯಾವ್ದು ಬ್ಯಾಡ ಅಂತ ಗೊತ್ತಾದ್ರೆ ಸಾಕು ಕಣೇ, ಆ ಕಡೆ ತಲೆನೂ ಹಾಕಲ್ಲ."

ಬುದ್ಧಿವಂತನ ಮಾತು ಅನ್ನಿಸಿತು. ಕಂಪನಿಯ ಪಟ್ಟಿಯನ್ನು ಹೊರಗೆ ಕೊಡಬಾರದು, ನಿಜ. ಆದರೆ ನನ್ನ ತಿಳುವಳಿಕೆಗೆಂದು ನಾನೇ ಕನ್ನಡದಲ್ಲಿ ಬರೆದಿಟ್ಟುಕೊಂಡಿದ್ದ ಪಟ್ಟಿಯೊಂದಿತ್ತು. ಪ್ರತಿ ಸೈಟಿನ ಮುಂದೂ ಕಾರಣ, ನನ್ನದೇ ಬೈಗುಳದ ಸಮೇತ. ಅದನ್ನು ಕಳಿಸಿದೆ.

ಎರಡು ತಿಂಗಳಾದ ಮೇಲೆ ಅಕ್ಕನ ಮನೆಯಲ್ಲಿ ಒಂದು ನಾಮಕರಣ. ಎಲ್ಲರೂ ಸೇರಿದ್ದಾಗ ಅವನು ಮೊಬೈಲ್ ಎತ್ತಿ ಹಿಡಿದು, ತಂಗಿಯ ಎಣ್ಣೆಗೆ ನಲವತ್ತು ಸೈಟಿನಲ್ಲಿ ಲಿಂಕು ಹಾಕಿಸಿದ್ದೇನೆ, ಪುಕ್ಕಟೆ ಎಂದು ಹೇಳಿದ. ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಇದನ್ನೇ ತೋರಿಸುತ್ತಿದ್ದಾನಂತೆ. ಅತ್ತೆ ಮೆಚ್ಚಿ ಅವನಿಗೆ ಇನ್ನೊಂದು ಹೋಳಿಗೆ ಹಾಕಿದರು. ಯಾವ ಯಾವ ಸೈಟು, ಕೊಡು ನೋಡೋಣ ಎಂದು ನಾನು ಕೈ ಚಾಚಿದೆ. ಅಕ್ಕ ನನ್ನ ಕೈಯನ್ನು ಮೆಲ್ಲಗೆ ಕೆಳಗೆ ಒತ್ತಿದಳು.

"ನಮ್ಮಣ್ಣ ಮಾಡಿರಾದು, ಅದ್ನೇನು ನೋಡ್ತೀಯ ಬುಡೇ."

ಬಿಟ್ಟೆ. ಗುರುತಿಲ್ಲದವರ ಸೈಟನ್ನು ದಿನಕ್ಕೆ ಐವತ್ತು ಸಲ ಒಡೆದು ಮೂಸುವವಳು, ಅಣ್ಣನ ಚೀಲ ಎಂದು ಬಿಟ್ಟೆ. ಮನೆಗೆ ಹೋಗಿ ನನ್ನ ಕಂಪ್ಯೂಟರಿನಲ್ಲಿ ಹತ್ತು ನಿಮಿಷ ನೋಡಿದ್ದರೆ ತಿಳಿಯುತ್ತಿತ್ತು. ನೋಡಲಿಲ್ಲ. ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೇ ಮೈಯೆಲ್ಲ ಉರಿಯುತ್ತದೆ.

ಆಷಾಢದ ಹೊತ್ತಿಗೆ ಅಕ್ಕನಿಗೆ ಫೋನು ಬರುವುದು ನಿಂತಿತು. ಒಂದು ಮಧ್ಯಾಹ್ನ ಅವಳೇ ನನಗೆ ಮಾಡಿದಳು.

"ಫೋನೇನಾದ್ರೂ ಕೆಟ್ಟೈತೇನೇ? ನೀನೊಂದ್ಸಲ ಮಾಡು ನೋಡಾನ."

ಮಾಡಿದೆ. ಫೋನು ಸರಿಯಾಗಿಯೇ ಹೊಡೆದುಕೊಂಡಿತು. ಸರ್ಚಿನಲ್ಲಿ ಹುಡುಕಿದೆ. ಮೊದಲ ಪುಟದಲ್ಲಿ ಅಕ್ಕ ಇಲ್ಲ, ಐದನೆಯದರಲ್ಲೂ ಇಲ್ಲ. ಅವಳ ಸೈಟಿನ ಹೆಸರನ್ನೇ ಬರೆದು ಹುಡುಕಿದರೂ ಬೇರೆ ಯಾರೋ ಬಂದರು. ಆಮೇಲೆ ಅವಳ ಕಡೆಗೆ ಎಲ್ಲೆಲ್ಲಿಂದ ಲಿಂಕು ಬಂದಿವೆ ಎಂದು ತೆಗೆದು ನೋಡಿದೆ. ಆ ಇಬ್ಬರು ಹೆಂಗಸರ ಲಿಂಕು ಬಿಟ್ಟರೆ ಮೊದಲನೆಯದು ಯಾವುದೋ ಊರಿನ ಮುಚ್ಚಿಹೋದ ಶಾಲೆಯ ಸೈಟು. ಆ ಹೆಸರನ್ನು ಯಾರೋ ಕೊಂಡು, ಒಳಗೆ ಜೂಜಿನ ಜಾಹೀರಾತು ತುಂಬಿದ್ದರು. ಎಲ್ಲೋ ನೋಡಿದ ನೆನಪಾಯಿತು. ಎರಡನೆಯದು ಮಂಡಿನೋವು ಮತ್ತು ರಮ್ಮಿ. ಮೂರನೆಯದೂ ಗುರುತಿನದೇ. ನನ್ನ ಪಟ್ಟಿಯನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡೆ. ಅದೇ ಸೈಟುಗಳು, ಅದೇ ಸಾಲು, ಒಂದರಿಂದ ನಲವತ್ತರವರೆಗೆ. ಮೊದಲನೆಯದರ ಮುಂದೆ ನಾನೇ ಬರೆದಿದ್ದೆ: 'ಸತ್ತ ಶಾಲೆಯ ಹೆಸರಲ್ಲಿ ಜೂಜು ಆಡಿಸುವ ಕಳ್ಳರು. ಇಲ್ಲಿಂದ ಲಿಂಕು ಬಂದರೆ ಮನೆ ಹಾಳು.'

ಚಪ್ಪಲಿ ಮೆಟ್ಟಿಕೊಂಡು ನೇರ ಅವನ ಅಂಗಡಿಗೆ ಹೋದೆ. ಇಬ್ಬರು ಗಿರಾಕಿಗಳು ಕೂತಿದ್ದರು. ಕೂತಿರಲಿ ಎಂದುಕೊಂಡು ಅವರೆದುರೇ ಕೇಳಿದೆ. ಅವನಿಗೆ ತಪ್ಪು ಮಾಡಿದೆ ಎಂಬ ಭಾವನೆಯೇ ಇರಲಿಲ್ಲ, ಅದೇ ನನಗೆ ತಡೆಯಲಾಗದೆ ಹೋದದ್ದು.

"ಒಳ್ಳೆ ಸೈಟ್ನೋರು ಯಾರೂ ಉತ್ರನೇ ಕೊಡ್ಲಿಲ್ಲ ಕಣೇ. ನಿನ್ ಪಟ್ಟಿಲಿದ್ದೋರು ಕೇಳಿದ್ ತಕ್ಷಣ ಹಾಕುದ್ರು. ಯಾರು ಕೊಟ್ರೂ ಲಿಂಕು ಲಿಂಕೇ ಅಲ್ವೇ?"

"ಒಂದೊಂದ್ರ ಮುಂದೂ ಕಾರಣ ಬರ್ದಿದ್ನಲ್ಲಣ್ಣ, ಓದ್ಲಿಲ್ವಾ?"

"ಅಷ್ಟುದ್ದ ಯಾರು ಓದ್ತಾರೆ ಬುಡು."

ಅಲ್ಲಿ ಇನ್ನೇನು ಅಂದೆ ಎಂದು ಇಲ್ಲಿ ಬರೆಯುವುದಿಲ್ಲ, ಅಚ್ಚಿಗೆ ಹಾಕುವ ಮಾತಲ್ಲ. ಗಿರಾಕಿಗಳಿಬ್ಬರೂ ಎದ್ದು ಹೋದರು. ಅದೊಂದು ಸಮಾಧಾನ ಇವತ್ತಿಗೂ ಇದೆ.

ಅಕ್ಕನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಪಟ್ಟಿ ನನ್ನದೇ ಎನ್ನುವುದನ್ನೂ ಮುಚ್ಚಿಡಲಿಲ್ಲ. ಅವಳು ಹಿಂಡಿಯನ್ನು ಚೀಲಕ್ಕೆ ತುಂಬುತ್ತಿದ್ದಳು, ತುಂಬುವುದನ್ನು ನಿಲ್ಲಿಸಲಿಲ್ಲ. ನಾನು ಅಣ್ಣನನ್ನು ಬೈದು ಮುಗಿಸಿದ ಮೇಲೆ ಒಂದೇ ಮಾತು ಹೇಳಿದಳು.

"ನಾನು ಬ್ಯಾಡ ಅಂದ್ರೂ ನೀನು ಮನೆಗೋಗಿ ನೋಡಿರ್ತೀಯ ಅಂದ್ಕಂಡಿದ್ದೆ ಕಣೇ."

ನಲವತ್ತು ಸೈಟಿನವರಿಗೂ ಲಿಂಕು ತೆಗೆಯಿರಿ ಎಂದು ಬರೆದೆ. ಆರು ಜನ ತೆಗೆದರು. ಉಳಿದವರಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಈ ಲಿಂಕುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಸರ್ಚ್ ಕಂಪನಿಗೂ ಪಟ್ಟಿ ಸಲ್ಲಿಸಿದೆ. ಅದು ಕೆಲಸ ಮಾಡಲು ತಿಂಗಳುಗಟ್ಟಲೆ ಬೇಕು, ಮಾಡುತ್ತದೆ ಎಂಬ ಖಾತ್ರಿಯೂ ಇಲ್ಲ. ಗೌರಿ ಹಬ್ಬ ಅಷ್ಟು ದಿನ ಕಾಯುವುದಿಲ್ಲ. ತುಂಬಿದ ಎಣ್ಣೆ ಕ್ಯಾನುಗಳು ಕೋಣೆಯ ಗೋಡೆಯುದ್ದಕ್ಕೂ ನಿಂತಿದ್ದವು. ಅತ್ತೆ ಬೈಯಲಿಲ್ಲ, ಹಂಗಿಸಲೂ ಇಲ್ಲ. ಹಬ್ಬ ಮುಗಿದ ಮೂರನೆಯ ದಿನ ಅಟ್ಟದ ಕಾಯಿ ಇಳಿಸಿ ಸುಲಿಸಿದರು. ಕೊಬ್ಬರಿ ತಿಪಟೂರಿಗೆ ಹೋಯಿತು. ಗಾಣದ ಮೇಲೆ ಟಾರ್ಪಾಲು ಬಿತ್ತು. ವರ್ಷಕ್ಕೊಂದು ಸಲ ನೆಂಟರು ತಂದ ಕೊಬ್ಬರಿಯಿಂದ ಅವರ ಮನೆ ಖರ್ಚಿಗೆ ಎಣ್ಣೆ ಆಡಿಸಲು ಮಾತ್ರ ಅದನ್ನು ತೆಗೆಯಬಹುದು ಎಂದಾಯಿತು.

ಮರುವರ್ಷ ಆ ದಿನ ಬಂತು. ನಾನೊಂದು ಚೀಲ ಕೊಬ್ಬರಿ ತೆಗೆದುಕೊಂಡು ಹೋದೆ. ಅಣ್ಣನೂ ತಂದಿದ್ದ, ಏನೂ ನಡೆದೇ ಇಲ್ಲ ಎಂಬಂತೆ ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ. ಅಕ್ಕ ಟಾರ್ಪಾಲು ಮಡಚಿಟ್ಟು ಹೊರಗೆ ಬಂದಳು. ಅವನ ಚೀಲದ ಮುಂದೆ ಕೂತು ಬಾಯಿಯ ದಾರ ಬಿಚ್ಚಿದಳು. ಮೊಳಕೈವರೆಗೆ ಕೈ ಇಳಿಸಿ ಅಡಿಯಿಂದ ಒಂದು ಕೊಬ್ಬರಿ ತೆಗೆದು, ಅತ್ತೆಯ ಮುಂದೆ, ಎಲ್ಲರ ಮುಂದೆ, ಕಲ್ಲಿಗೆ ಕುಕ್ಕಿ ಒಡೆದಳು. ಅಣ್ಣ ಲೋಟ ಕೆಳಗಿಟ್ಟ. ಕೊಬ್ಬರಿ ಒಳಗೆ ಬೆಳ್ಳಗಿತ್ತು, ಒಂದು ಕಲೆಯಿಲ್ಲ.

"ಚೆನ್ನಾಗೈತೆ ಕಣಣ್ಣ. ಇದ್ನ ಆರಿಸ್ದಂಗೆ ನನ್ ಲಿಂಕ್ನೂ ಆರಿಸ್ಬೋದಾಗಿತ್ತು."

ಅವನು ತಲೆ ಎತ್ತಲಿಲ್ಲ. ಎಲ್ಲಿಲ್ಲದ ಖುಷಿಯಾಯಿತು ನನಗೆ. ಇಷ್ಟು ದಿನಕ್ಕೆ ಕೇಳಿದಳಲ್ಲ ಎಂದು ಅವಳ ಹತ್ತಿರ ಹೋಗಿ ನಿಂತೆ.

ಅಕ್ಕ ನನ್ನ ಮುಖ ನೋಡಲಿಲ್ಲ. ಕೂತಲ್ಲಿಂದಲೇ ಸ್ವಲ್ಪ ಸರಿದು, ಪಕ್ಕದಲ್ಲಿದ್ದ ನನ್ನ ಚೀಲದ ದಾರ ಬಿಚ್ಚಿ, ಒಳಗೆ ಕೈ ಹಾಕಿದಳು.