ವರ್ಲೀನ್ ಬೇರ್ಪಡಿಸಿದ ಲೋಹ

ಅಮೆರಿಕದ ಟೆನೆಸಿಯ ಗುಡ್ಡಗಾಡಿನ ಹುಡುಗಿ ವರ್ಲೀನ್ ಹ್ಯಾಟ್‌ಮೇಕರ್ ಓಕ್ ರಿಜ್‌ನ ಯುದ್ಧಕಾಲದ ಗುಟ್ಟಿನ ಕಾರ್ಖಾನೆಗೆ ಸೇರಿದಾಗ ಅವಳಿಗೆ ಹತ್ತೊಂಬತ್ತು. ಎತ್ತರದ ಸ್ಟೂಲಿನ ಮೇಲೆ ಕೂತು, ಎದುರಿನ ಮೀಟರಿನ ಮುಳ್ಳು ನಡುವೆಯೇ ನಿಲ್ಲುವಂತೆ ನಾಬು ತಿರುಗಿಸುತ್ತಿರಬೇಕು, ಅಷ್ಟೇ ಕೆಲಸ. ಏನು ತಯಾರಾಗುತ್ತಿದೆ ಎಂದು ಕೇಳುವಂತಿರಲಿಲ್ಲ. ಅಲ್ಲೆಲ್ಲೋ ಭಾರೀ ಅಯಸ್ಕಾಂತವಿದೆ ಎಂಬುದಷ್ಟೇ, ತಲೆಯ ಪಿನ್ನುಗಳು ತಾವಾಗಿ ಕಿತ್ತುಕೊಂಡು ಹಾರಿದ ದಿನ ತಿಳಿಯಿತು. ಅಣ್ಣ ಹೋಯ್ಟ್ ಪೆಸಿಫಿಕ್‌ನಲ್ಲಿ ಯುದ್ಧಕ್ಕೆ ಹೋಗಿದ್ದ. ಈ ಕೆಲಸದಿಂದ ಅವನು ಬೇಗ ಮನೆಗೆ ಬಂದಾನು ಎಂದಿದ್ದರು ಮೇಲಿನವರು. ಅವಳಿಗೆ ಅಷ್ಟು ಸಾಕಾಗಿತ್ತು.

ಹಿರೋಶಿಮಾದ ಮೇಲೆ ಬಿದ್ದ ಅಣುಬಾಂಬಿಗಾಗಿ ತಮ್ಮ ಕಾರ್ಖಾನೆಯೂ ದುಡಿದಿತ್ತು ಎಂಬ ಸುದ್ದಿ ಬಂದ ದಿನ ಎಲ್ಲರೊಂದಿಗೆ ಅವಳೂ ಕುಣಿದಳು. ಕೆಲವು ವಾರಗಳ ಮೇಲೆ, ಮನೆಗಳೇ ಉಳಿಯದ ಆ ಊರಿನ ಚಿತ್ರವನ್ನು ಪತ್ರಿಕೆಯಲ್ಲಿ ನೋಡಿದಾಗ, ಅಲ್ಲಿ ಎಷ್ಟು ಮಕ್ಕಳಿದ್ದರೋ ಎಂದುಕೊಂಡು ಊಟದ ತಟ್ಟೆಯನ್ನು ಬದಿಗೆ ಸರಿಸಿದಳು.

ಚಳಿಗಾಲದಲ್ಲಿ ಹೋಯ್ಟ್ ಬಂದ.

“ಜಪಾನಿನ ದಡಕ್ಕೆ ನಮ್ಮ ತುಕಡೀನೇ ಇಳೀಬೇಕಿತ್ತು ಕಣೇ. ನೀನಿಲ್ದೆ ಇದ್ದಿದ್ರೆ ನಾನೆಲ್ಲಿರ್ತಿದ್ದೆ?”

“ನಾನೇನು ಮಾಡ್ದೆ ಅನ್ನೋದೇ ನಂಗೊತ್ತಿಲ್ಲ ಕಣೋ.”

“ಯುದ್ಧ ಗೆದ್ದೆ. ಇನ್ನೇನು ಬೇಕು ನಿಂಗೆ, ಪೆದ್ದೀ?”

ಅವಳಿಗೆ ಅಷ್ಟು ಸಾಲಲಿಲ್ಲ. ಸಂಜೆ ತರಗತಿಗೆ ಸೇರಿ, ಭೌತಶಾಸ್ತ್ರದ ಮೇಷ್ಟ್ರು ಓಗ್ಲ್ ಅವರನ್ನೇ ಕೇಳಿದಳು. ಅವರು ಬೋರ್ಡಿನ ಮೇಲೆ ಎರಡು ಬಾಗಿದ ಗೆರೆ ಎಳೆದರು.

“ಯುರೇನಿಯಂ ಒಂದೇ ಲೋಹ ಆದ್ರೂ ಅದರ ಪರಮಾಣುಗಳೆಲ್ಲ ಒಂದೇ ತೂಕ ಇಲ್ಲಮ್ಮ. ನೂರನಲವತ್ತರಲ್ಲಿ ಒಂದು ಮಾತ್ರ ಸ್ವಲ್ಪ ಹಗುರ. ವಿದ್ಯುತ್ ತುಂಬಿ ಅಯಸ್ಕಾಂತದ ಮಧ್ಯೆ ಓಡಿಸಿದ್ರೆ ಹಗುರದ್ದು ಜಾಸ್ತಿ ಬಾಗುತ್ತೆ. ಬೇರೆ ಡಬ್ಬೀಲಿ ಹಿಡೀಬಹುದು. ಆ ಓಟ ದಾರಿ ತಪ್ಪದ ಹಾಗೆ ನೋಡ್ಕೊಳ್ಳೋದೇ ನಿನ್ನ ನಾಬಿನ ಕೆಲಸ ಆಗಿತ್ತು.”

“ಬಾಂಬಿಗೆ ಬೇಕಾಗಿದ್ದು?”

“ಹಗುರದ್ದೇ. ಒಂದು ಸೀಳಿದ್ರೆ ಅದರೊಳಗಿನ ಕಣ ಹಾರಿ ಪಕ್ಕದ್ದನ್ನ ಸೀಳುತ್ತೆ, ಅದು ಮತ್ತೊಂದನ್ನ. ಸಾಕಷ್ಟು ಒಂದೇ ಕಡೆ ಸೇರಿದ್ರೆ ಹಿಡಿಯೋರೇ ಇಲ್ಲ.”

“ನಾನು ಆರಿಸ್ತಾ ಇದ್ದಿದ್ದು ಅದನ್ನೇ ಹಾಗಾದ್ರೆ.”

ಓಗ್ಲ್ ಸೀಮೆಸುಣ್ಣ ಕೆಳಗಿಟ್ಟು ಹೌದೆಂದು ತಲೆಯಾಡಿಸಿದರು. ವರ್ಲೀನ್ ಆ ಗೆರೆಗಳನ್ನು ಪುಸ್ತಕಕ್ಕೆ ಇಳಿಸಿಕೊಂಡಳು. ಅಳು ಬರಲಿಲ್ಲ. ಅಷ್ಟು ದಿನ ಮಸುಕಾಗಿದ್ದುದು ನಿಚ್ಚಳವಾಗಿತ್ತು, ಅಷ್ಟೆ. ಎದೆಯ ಭಾರ ಇಳಿದಿರಲಿಲ್ಲ.

ಕೆಲವು ವರ್ಷಗಳ ನಂತರ ಅಂಥವೇ ಯಂತ್ರಗಳಲ್ಲಿ ಬೇರೆ ಧಾತುಗಳನ್ನು ಬೇರ್ಪಡಿಸಲು ಅದೇ ಕಾರ್ಖಾನೆಯವರು ಅವಳನ್ನು ಮತ್ತೆ ಕರೆದರು. ಸ್ಟೂಲಿನ ಮೇಲೆ ಕೂರದೆ ಅವಳು ನಿಂತೇ ಇದ್ದಳು.

“ಏನು ಬೇರ್ಪಡಿಸ್ತೀರಿ, ಯಾರಿಗೆ? ಹೇಳಿ, ಆಮೇಲೆ ಕೂತ್ಕೋತೀನಿ.”

ಮೇಲ್ವಿಚಾರಕ ನಕ್ಕ. ಅವಳು ನಗದಿದ್ದುದನ್ನು ಕಂಡು ಹೇಳಿದ: “ಕ್ಯಾಲ್ಸಿಯಂ. ಮೂಳೆ ಕಾಯಿಲೆ ಬಗ್ಗೆ ಸಂಶೋಧನೆ ಮಾಡೋರಿಗೆ.”

ಕೂತಳು. ಇಪ್ಪತ್ತೆರಡು ವರ್ಷ ಅಲ್ಲೇ ದುಡಿದಳು.

“ಏನು ಮೂಳೆ ಡಾಕ್ಟ್ರೇ, ಈಗ ಸಮಾಧಾನಾನಾ?” ಎಂದು ಹೋಯ್ಟ್ ರೇಗಿಸುತ್ತಿದ್ದ.

“ಇಲ್ಲಪ್ಪ. ಇದು ಇದೇ, ಆ ಬಾಂಬು ಆ ಬಾಂಬೇ,” ಎನ್ನುತ್ತಿದ್ದಳು.

ಭಾನುವಾರಗಳಂದು ಅವನ ಮಕ್ಕಳು ಅಂಗಳದಲ್ಲಿ ಆಡುವುದನ್ನು ನೋಡುತ್ತ ಕೂರುತ್ತಿದ್ದಳು. ಅವರನ್ನು ಕಂಡರೆ ಅವಳಿಗೆ ಪ್ರಾಣ. ಆದರೆ ಆ ಸಂತೋಷದಲ್ಲಿ ಹಿರೋಶಿಮಾದ ಮಕ್ಕಳನ್ನು ಮರೆಯಲು ಮಾತ್ರ ಅವಳಿಂದ ಕೊನೆಯವರೆಗೂ ಆಗಲಿಲ್ಲ.