ಮೂಲೆಮನೆ ಚಿಕ್ಕಮ್ಮ ಕಲಿಸಿದ ಕುಲಾವಿ

ಟ್ರಂಕಿನ ತಳದಲ್ಲಿದ್ದ ಉಲ್ಲನ್ ಕುಲಾವಿಯನ್ನು ಮೊನ್ನೆ ಬಿಸಿಲಿಗೆ ಹಾಕಲೆಂದು ತೆಗೆದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಅಡರಿತು. ಯಾವ ಮಗುವಿನ ತಲೆಯನ್ನೂ ಕಾಣದ ಕುಲಾವಿ ಅದು. ಕೈಗೆ ತಗುಲಿದೊಡನೆ ಮೂಲೆಮನೆ ಚಿಕ್ಕಮ್ಮ ನೆನಪಾದರು, ಜೊತೆಗೆ ಆಗಿನ ಸಿಟ್ಟೂ...

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ಚಾಮರಾಜಪುರಂನ ನಮ್ಮ ವಠಾರದಲ್ಲಿ ಮೂಲೆಯ ಮನೆ ಅವರದು. ನೆಂಟರೇನಲ್ಲ, ಮಕ್ಕಳೆಲ್ಲ ಹಾಗೆ ಕರೆಯುತ್ತಿದ್ದೆವು. ಅಕ್ಕ ಬಾಣಂತನಕ್ಕೆ ಬಂದಿದ್ದಳು. ಅವಳು ಕೂಸನ್ನೆತ್ತಿಕೊಂಡು ಗಂಡನ ಮನೆಗೆ ಹೊರಡುವುದರೊಳಗೆ ನನ್ನ ಕೈಯಾರೆ ಒಂದು ಕುಲಾವಿ ಹೆಣೆಯಬೇಕೆಂದು ನನಗೆ ಹಟ. ಕ್ರೋಶಾ ಕಡ್ಡಿ ಹಿಡಿಯಲು ಬರುತ್ತಿದ್ದುದು ವಠಾರಕ್ಕೆಲ್ಲ ಚಿಕ್ಕಮ್ಮ ಒಬ್ಬರಿಗೇ.

ನೇರ ಸಾಲು ಬೇಗ ಬಂತು. ಕಷ್ಟವಿದ್ದದ್ದು ತಲೆಯ ಹಿಂಬದಿಯಲ್ಲಿ. ಅಲ್ಲಿ ಸಾಲನ್ನು ಕೊನೆಯವರೆಗೆ ಹೆಣೆಯಬಾರದು. ಅರ್ಧಕ್ಕೇ ನಿಲ್ಲಿಸಿ, ಒಂದು ಸರಪಳಿ ಕುಣಿಕೆ ಹಾಕಿ, ತಿರುಗಿಸಿ ಹಿಂದಕ್ಕೆ ಬರಬೇಕು. ಆಗ ನಡುಭಾಗ ಬಟ್ಟಲಿನಂತೆ ಉಬ್ಬುತ್ತದೆ. ನನ್ನದು ಉಬ್ಬುತ್ತಿದ್ದದ್ದು ಒಂದು ಕಿವಿಯ ಕಡೆಗೆ!

ಚಿಕ್ಕಮ್ಮ ಗೋಡೆಗೆ ಒತ್ತಿ ಕೂತು, ನನ್ನನ್ನು ಬಲಕ್ಕೆ ಕೂರಿಸಿಕೊಂಡು, ಸೆರಗಿನ ಮರೆಯಲ್ಲಿ ಹೆಣೆದು ತೋರಿಸುತ್ತಿದ್ದರು. ಬಗ್ಗಿ ನೋಡಿದರೆ, “ಕೈ ನೋಡ್ಬೇಡ ಕಣೇ, ಹೆಣಿಗೆ ನೋಡು” ಅನ್ನುತ್ತಿದ್ದರು. “ಈ ಕಡೆ ತಿರುಗ್ಸು” ಅಂದ ಕಡೆಗೇ ನಾನು ತಿರುಗಿಸುತ್ತಿದ್ದೆ. ದಾರ ಬೇಡದ ತುದಿಯಲ್ಲಿ ನಿಂತುಬಿಡುತ್ತಿತ್ತು. “ಬಿಚ್ಚು” ಅನ್ನುತ್ತಿದ್ದರು. ಬಿಚ್ಚಿ ಬಿಚ್ಚಿ ಉಲ್ಲನ್ ಜುಂಗು ಜುಂಗಾಯಿತು. ಅಕ್ಕನಿಗೋ ನಗು: “ಕುಲಾವಿನೋ, ಸೀಗೆಕಾಯಿ ಚೀಲಾನೋ? ನನ್ ಮಗಂಗೆ ತಲೆ ಒಂದೇ ಕಡೆ ಊದಿಲ್ಲ ಕಣೇ!”

ಅಕ್ಕ ಹೊರಡುವ ದಿನ ನಿಗದಿಯಾಯಿತು. ಮತ್ತೆ ತಪ್ಪಿದಾಗ ನಾನು ಕಡ್ಡಿಯನ್ನು ಎಸೆದೇಬಿಟ್ಟೆ. “ನಂಗೆ ಬರಲ್ಲ ಚಿಕ್ಕಮ್ಮ. ನೀವು ಸರಿಯಾಗಿ ತೋರ್ಸೋದೇ ಇಲ್ಲ!”

ಚಿಕ್ಕಮ್ಮನ ಅತ್ತೆ ಮಾರ್ಕೆಟ್ಟಿಗೆ ಹೋಗಿದ್ದರು. ಚಿಕ್ಕಮ್ಮ ಎದ್ದು ಬಾಗಿಲು ಹಾಕಿ ಬಂದು, ಮಣೆಯನ್ನು ನನ್ನೆದುರಿಗೆ ಎಳೆದುಕೊಂಡು, ಸೆರಗು ಸರಿಸಿ ಕಡ್ಡಿ ಹಿಡಿದರು... ಎಡಗೈಯಲ್ಲಿ.

“ಇನ್ನೊಂದು ಕೈಲಿ ನಂಗೆ ಬರಲ್ಲ ಕಣಮ್ಮ. ಯಾರ್ಗೂ ಹೇಳ್ಬೇಡ.”

ಎದುರು ಕೂತಾಗ ಅವರ ಎಡಗೈ ನನ್ನ ಬಲಗೈಗೆ ಕನ್ನಡಿಯಾಯಿತು. ಅವರು ನಿಲ್ಲಿಸಿದಲ್ಲಿ ನಿಲ್ಲಿಸಿದೆ, ತಿರುಗಿಸಿದಾಗ ತಿರುಗಿಸಿದೆ. ತಪ್ಪಿದ್ದನ್ನೆಲ್ಲ ಬಿಚ್ಚಿ ಮೊದಲಿನಿಂದ ನಾನೇ ಹೆಣೆದೆ. ನಡುಭಾಗ ಉಬ್ಬಿತು! ಕಟ್ಟುವ ದಾರ ಪೋಣಿಸುತ್ತಿದ್ದಾಗ ಬಾಗಿಲು ಬಡಿದ ಸದ್ದು. ಚಿಕ್ಕಮ್ಮ ಗಾಬರಿಯಲ್ಲಿ ಎಡಗೈಯಲ್ಲಿ ಕಡ್ಡಿ ಹಿಡಿದುಕೊಂಡೇ ಬಾಗಿಲು ತೆಗೆದರು.

“ಎಷ್ಟು ಬಡ್ಕೊಂಡ್ರೂ ಬುಡಲ್ವಲ್ಲೇ ಆ ಕೈಯ!” ಎಂದರು ಅವರತ್ತೆ. “ಎಡಗೈಲಿ ಹೆಣೆದಿದ್ದನ್ನ ಹಸುಗೂಸಿನ ತಲೆಗೆ ಹಾಕ್ತಾರೇನೇ?”

“ಹೆಣೆದಿದ್ದು ನಾನು ಕಣಜ್ಜಿ!”

“ನೀನು ಸುಮ್ನಿರು.”

ಸಂಜೆಯೊಳಗೆ ಮಾತು ವಠಾರವನ್ನೆಲ್ಲ ಸುತ್ತಿತು. ಆ ಕುಲಾವಿಯ ಒಂದೊಂದು ಕುಣಿಕೆಯೂ ನನ್ನ ಬಲಗೈಯದು ಎಂದು ಅಮ್ಮನಿಗೆ ಅತ್ತು ಹೇಳಿದೆ. “ಇರ್ಬೋದು ಬುಡೇ. ಎಳೆಗೂಸಿನ ವಿಷಯ, ಯಾಕೆ ಬೇಕು?” ಅಂದರು ಅಮ್ಮ. ಕೂಸು ಅಂಗಡಿಯ ಟೋಪಿ ಹಾಕಿಕೊಂಡು ಜಟಕಾ ಹತ್ತಿತು. ಚಿಕ್ಕಮ್ಮ ಕಿಟಕಿಯಲ್ಲಿ ನಿಂತು ನೋಡಿದರು, ಹೊರಗೆ ಬರಲಿಲ್ಲ. ಆಮೇಲೆ ಅವರು ಕಡ್ಡಿ ಹಿಡಿದದ್ದನ್ನು ನಾನು ಕಾಣೆ.

ಮೊದಲ ದಿನವೇ ಎದುರು ಕೂರಿಸಿಕೊಂಡಿದ್ದರೆ ಎಷ್ಟೋ ಮುಂಚೆ ಮುಗಿಯುತ್ತಿತ್ತು, ಯಾರಿಗೂ ತಿಳಿಯುತ್ತಲೂ ಇರಲಿಲ್ಲ... ಎಂದು ಬಹಳ ಕಾಲ ಅವರನ್ನೇ ಬೈದುಕೊಂಡೆ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ಅವರ ಮೇಲೆ ಮಾತ್ರ ಈಗಿಲ್ಲ. ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದೂ ತಡವಾಗಿ. ಈಗ ನನ್ನ ಸೊಸೆಗೆ ತಿಂಗಳು ತುಂಬುತ್ತಿದೆ, ಹೊಸ ಉಲ್ಲನ್ ತಂದು ಕೂತಿದ್ದೇನೆ. ಅರ್ಧ ಸಾಲಿಗೆ ಬಂದು ತಿರುಗಿಸುವಾಗ ತಲೆಯೆತ್ತುತ್ತೇನೆ. ಎದುರಿಗೆ ಗೋಡೆ.