ಒದೆಯುವ ಎಮ್ಮೆ

ಬೆಳಕು ಹರಿಯುವ ಮೊದಲು ಶಿರಿಷಾ ಮಾಡಿ ಮುಗಿಸುವ ಕೆಲಸಗಳು ಇವು: ಕೊಟ್ಟಿಗೆಯ ಸಗಣಿ ಎತ್ತುವುದು, ನೆಲ ತೊಳೆಯುವುದು, ಎಮ್ಮೆಗೆ ಹಿಂಡಿ ಕಲಸಿ ಇಡುವುದು, ಹಾಲು ಕರೆಯುವುದು, ನಳ ಬರುವ ಹೊತ್ತಿಗೆ ಕೊಡಗಳನ್ನು ಸಾಲಾಗಿಟ್ಟು ತುಂಬುವುದು, ಅಂಗಳಕ್ಕೆ ನೀರು ಚಿಮುಕಿಸಿ ರಂಗೋಲಿ ಎಳೆಯುವುದು, ಅತ್ತೆಯ ಸ್ನಾನಕ್ಕೆ ನೀರು ಕಾಯಿಸುವುದು, ಜೋಳದ ಹಿಟ್ಟು ನಾದುವುದು, ರೊಟ್ಟಿ ಬಡಿಯುವುದು, ಪಲ್ಯ ಮಾಡುವುದು, ಗಂಡನ ಡಬ್ಬಿ ಕಟ್ಟುವುದು, ಅವನ ಅಂಗಿಗೆ ಇಸ್ತ್ರಿ ಹಾಕುವುದು. ಇಷ್ಟಾದ ಮೇಲೆ ಅವನು ಏಳುತ್ತಾನೆ. ಇನ್ನೊಂದು ಕೆಲಸವಿದೆ, ಅದನ್ನು ಯಾರೂ ಕೆಲಸವೆಂದು ಎಣಿಸುವುದಿಲ್ಲ. ಅವನು ಏಳುವ ಸದ್ದು ಕೇಳಿ ಇವತ್ತು ಹೊಡೆತ ಇದೆಯೋ ಇಲ್ಲವೋ ಎಂದು ತಿಳಿಯುವುದು. ಕೆಮ್ಮಿ ನೀರು ಕೇಳಿದರೆ ಇಲ್ಲ. ಹಾಸಿಗೆಯನ್ನು ಕಾಲಿನಿಂದ ಒದ್ದು ಸರಿಸಿದರೆ ಇದೆ.

ಮನೆ ಮಕ್ತಲ್‌ ಊರಿನ ಅಂಚಿನಲ್ಲಿ. ಕನ್ನಡದವರಿಗೂ ತೆಲುಗು ಬರುವ ತೆಲಂಗಾಣದ ಗಡಿ ಸೀಮೆ ಅದು. ಗಂಡ ಸಿದ್ದರಾಮೇಶ ಬಸ್ಸು ಹಿಡಿದು ನಾರಾಯಣಪೇಟೆಗೆ ಹೋಗುತ್ತಾನೆ. ಅಲ್ಲಿ ಸೀರೆ ಅಂಗಡಿಯೊಂದರಲ್ಲಿ ಬಿಳಿ ಗಾದಿಯ ಮೇಲೆ ಕೂತು ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುತ್ತಾನೆ. "ಅಕ್ಕಾರ, ಈ ದಡಿ ನಿಮಗಂತಾನ ನೇಯ್ದಂಗೈತಿ ನೋಡ್ರಿ" ಎಂದು ದಿನವಿಡೀ ನಗುತ್ತಾನೆ. ಹೆಂಗಸರು ರಾಶಿ ಸೀರೆ ಬಿಚ್ಚಿಸಿ, ಒಂದನ್ನೂ ಕೊಳ್ಳದೆ ಎದ್ದು ಹೋದರೂ ನಗುನಗುತ್ತಲೇ ಮಡಚುತ್ತಾನೆ. ಆ ನಗುವನ್ನೆಲ್ಲ ಅಂಗಡಿಯಲ್ಲೇ ಬಿಟ್ಟು ಮನೆಗೆ ಬರುತ್ತಾನೆ.

ಶಿರಿಷಾಳಿಗೆ ತಿನ್ನುವುದು ಇಷ್ಟ. ಹೆಂಗಸಿಗೆ ಅಡಿಗೆ ಇಷ್ಟ ಎಂದರೆ ಊರು ಹೊಗಳುತ್ತದೆ, ತಿನ್ನುವುದು ಇಷ್ಟ ಎಂದರೆ ಮುಖ ನೋಡುತ್ತದೆ. ಹಂಚಿನಿಂದ ಆಗಷ್ಟೇ ಇಳಿದ ಸಜ್ಜೆ ರೊಟ್ಟಿಯ ಮೇಲೆ ಬೆಣ್ಣೆ ಕರಗುವ ಮೊದಲೇ ತಿನ್ನಬೇಕು ಅವಳಿಗೆ. ಪುಂಡಿಪಲ್ಯ ಮಾತ್ರ ಮರುದಿನವೇ ರುಚಿ. ಗುರೆಳ್ಳು ಪುಡಿಗೆ ಹಸಿ ಎಣ್ಣೆ, ಶೇಂಗಾ ಚಟ್ನಿಪುಡಿಗೆ ಗಟ್ಟಿ ಮೊಸರು. ಮಗಳು ಕಾವ್ಯ ಗದ್ವಾಲದ ಹಾಸ್ಟೆಲಿನಲ್ಲಿ ಓದುತ್ತಾಳೆ. ಹೋದ ರಜೆಗೆ ಬರುವಾಗ ಚೀಸ್ ಪೊಟ್ಟಣವೊಂದನ್ನು ತಂದಿದ್ದಳು. ಶಿರಿಷಾ ಮೊದಲು ಮೂಗಿಗೆ ಹಿಡಿದು, "ಏನವಾ ಇದು, ಉಪ್ಪು ಹಾಕಿದ ಮೇಣ?" ಎಂದಳು. ಆಮೇಲೆ ಬಿಸಿ ಜೋಳದ ರೊಟ್ಟಿಯ ಮೇಲೆ ಹರವಿ, ಹಸಿಮೆಣಸಿನಕಾಯಿಯ ಖಾರ ಸವರಿ ಮಡಚಿ ಕೊಟ್ಟಳು. ಅವ್ವ ಮಗಳು ಒಲೆಯ ಮುಂದೆ ಕೂತು ಪೊಟ್ಟಣವನ್ನೇ ಮುಗಿಸಿದರು. "ಹಾಸ್ಟೆಲಿನಾಗ ಹೇಳಿದ್ರ ಯಾರೂ ನಂಬಂಗಿಲ್ಲ ನೋಡವಾ" ಎಂದು ಕಾವ್ಯ ನಕ್ಕಳು.

ಕಾವ್ಯ ಹುಟ್ಟಿದಾಗ ಶಿರಿಷಾಳ ಅಣ್ಣ ಹನುಮಂತು ಇಟಿಕ್ಯಾಲದಿಂದ ಇನ್ನೂ ಕರು ಹಾಕದ ಒಂದು ಎಮ್ಮೆ ಮಣಕವನ್ನು ಕಳಿಸಿದ್ದ. ತಂಗಿಯ ಮಗಳಿಗೆ ಮನೆಯ ಹಾಲಿರಲಿ ಎಂದು. ಬೂದು ಬಣ್ಣದ ಅದಕ್ಕೆ ಬೂದಿ ಎಂದೇ ಹೆಸರಾಯಿತು. ಕಾವ್ಯ ಅದರ ಹೊಟ್ಟೆಯ ಕೆಳಗೆ ತೆವಳುತ್ತ ನಡೆಯಲು ಕಲಿತವಳು. ಹಾಲು ಕರೆಯುವಾಗ ಶಿರಿಷಾ ಅದರ ಪಕ್ಕೆಗೆ ಹಣೆ ಒತ್ತಿ ಕೂತರೆ ಬೂದಿ ಬಾಲವನ್ನೂ ಬೀಸುತ್ತಿರಲಿಲ್ಲ.

ಊರಿಗೆಲ್ಲ ಗೊತ್ತಿದ್ದ ಬೂದಿ ಬೇರೆ. ಅದು ಒದೆಯುವ ಎಮ್ಮೆ.

ರೊಟ್ಟಿ ಉಬ್ಬಲಿಲ್ಲವೆಂದು ಸಿದ್ದರಾಮೇಶ ಮೊದಲ ಸಲ ತಾಟು ಬೀಸಿದಾಗ ಶಿರಿಷಾಳ ಹುಬ್ಬು ಸೀಳಿತ್ತು. ಅತ್ತೆ ಅನ್ನಮ್ಮ ಅರಿಸಿನ ಒತ್ತುತ್ತ, "ಯಾರರ ಕೇಳಿದ್ರ ಎಮ್ಮಿ ಒದೀತು ಅನ್ನು. ಅಲ್ಲಿಗೆ ಮುಗೀತು" ಎಂದಿದ್ದಳು. ಶಿರಿಷಾ ಹಾಗೆಯೇ ಅಂದಳು. ಪುಂಡಿಪಲ್ಯಕ್ಕೆ ಉಪ್ಪು ಕಮ್ಮಿಯಾಗಿ ಪಕ್ಕೆಲುಬು ಬಿರಿದಾಗಲೂ ಎಮ್ಮೆಯೇ ಒದೆಯಿತು. ನೆಂಟರೆದುರು ಅವಳು ಎರಡನೇ ಹೋಳಿಗೆ ಹಾಕಿಕೊಂಡದ್ದಕ್ಕೆ, ನೆಂಟರು ಬಸ್ಸು ಹತ್ತಿದ ಮೇಲೆ ತುಟಿ ಒಡೆಯಿತು. ಆಗಲೂ ಎಮ್ಮೆ.

ಪಕ್ಕದ ಮನೆಯ ತಿರುಪತಮ್ಮ ಗೋಡೆಯ ಆಚೆಯಿಂದ ನೋಡಿ ಒಮ್ಮೆ ಕೇಳಿದ್ದಳು. "ಅಲ್ಲ ಶಿರಿಷಾ, ಕಾಲಿಗಿ ಒದಿಯೂ ಎಮ್ಮಿ ನೋಡೀನಿ. ಬಾಯಿಗಿ ಒದಿಯೂ ಎಮ್ಮಿ ಎಲ್ಲಿ ಸಿಕ್ತು ನಿಮಗ? ಸರ್ಕಸ್ಸಿನಾಗ ಇತ್ತೇನು?"

"ಬಗ್ಗಿದ್ದೆ ಅಕ್ಕಾ."

"ಬಗ್ಗಬ್ಯಾಡವಾ ಹಂಗಾರ" ಎಂದು ತಿರುಪತಮ್ಮ ಒಳಗೆ ಹೋದಳು. ಆದರೂ ಆ ದಿನದಿಂದ ತನ್ನ ಮೊಮ್ಮಕ್ಕಳನ್ನು ಬೂದಿಯ ಹತ್ತಿರ ಬಿಡಲಿಲ್ಲ. ದಾರಿಯಲ್ಲಿ ಹೋಗುವವರು ಬೂದಿಗೆ ಸುಮ್ಮನೆ ಒಂದು ಕಲ್ಲು ಎಸೆದು ಹೋಗುವುದು ಶುರುವಾಯಿತು.

ಈ ಸಲ ಬೂದಿ ಹೆಣ್ಣು ಕರು ಹಾಕಿತು. ಹೊಸದಾಗಿ ಕರು ಹಾಕಿದ ಎಮ್ಮೆಯ ಹಳದಿ ಗಟ್ಟಿ ಹಾಲಿನಲ್ಲಿ ಮಾಡುವ ಗಿಣ್ಣಕ್ಕೆ ಶಿರಿಷಾ ವರ್ಷವಿಡೀ ಕಾಯುತ್ತಿದ್ದಳು. ಅದರಲ್ಲಿ ಅವಳಿಗೆ ಮೂರು ಬಗೆ ಬರುತ್ತಿತ್ತು. ಮೊದಲ ಹಾಲಿನದು ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದ್ದು. ಚಾಕು ಎಳೆದರೆ ಗೆರೆ ನಿಲ್ಲುತ್ತದೆ, ತಾಟು ಅಲುಗಿದರೆ ನಡುಗುತ್ತದೆ. ಮರುದಿನದ್ದು ಮೆತ್ತಗೆ, ಚಮಚದಲ್ಲಿ ತಿನ್ನುವಂಥದ್ದು. ಮೂರನೆಯ ದಿನದ ಹಾಲು ಒಲೆಯ ಮೇಲೆ ಕಾಳುಕಾಳಾಗಿ ಒಡೆಯುತ್ತದೆ. ಅದನ್ನು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿ, ಉಪ್ಪು ಮೆಣಸಿನಕಾಯಿ ಹಾಕಿ ಹುರಿದರೆ ರೊಟ್ಟಿಗೆ ಬೇರೆ ಪಲ್ಯ ಬೇಡ.

ಆ ಮನೆಯಲ್ಲಿ ಗಿಣ್ಣ ಮೊದಲು ದೇವರಿಗೆ, ಆಮೇಲೆ ಗಂಡಸರಿಗೆ, ಆಮೇಲೆ ನೆರೆಹೊರೆಗೆ. ಸೊಸೆಗೆ ಪಾತ್ರೆಯ ಅಂಚಿನಲ್ಲಿ ಕಚ್ಚಿಕೊಂಡಿದ್ದು. ಮೊದಲ ಗಿಣ್ಣ ಇಳಿಸಿದ ಬೆಳಿಗ್ಗೆ ಶಿರಿಷಾ ಮೂಲೆಯಿಂದ ಒಂದು ತುಂಡು ಕತ್ತರಿಸಿ, ಊದಿ, ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಸಿದ್ದರಾಮೇಶ ಹಿತ್ತಾಳೆ ಚರಿಗೆಯಲ್ಲಿ ನೀರು ತುಂಬಿಕೊಳ್ಳಲು ಒಳಗೆ ಬಂದಿದ್ದ.

"ದೇವರ ಮುಂದ ಇಡೂದಕಿಂತ ಮೊದಲ ನೀ ತಿಂತಿ?"

ಅವಳು ಕಣ್ಣು ತೆರೆಯುವಷ್ಟರಲ್ಲಿ ಅವನು ಅವಳ ಬಲಗೈಯನ್ನು ಒಲೆಯ ಪಕ್ಕದ ತಾಂಡೂರು ಕಲ್ಲಿನ ಕಟ್ಟೆಗೆ ಒತ್ತಿಹಿಡಿದು, ನೀರು ತುಂಬಿದ ಚರಿಗೆಯನ್ನು ಮಣಿಕಟ್ಟಿನ ಮೇಲೆ ಕುಟ್ಟಿದ. ಮೊದಲ ಏಟಿಗೆ ನೀರು ಚೆಲ್ಲಿತು. ಎರಡನೆಯದಕ್ಕೆ ಒಣ ಕಟ್ಟಿಗೆ ಮುರಿದಂಥ ಸದ್ದಾಯಿತು. ಬಾಯಲ್ಲಿದ್ದ ಗಿಣ್ಣವನ್ನು ನುಂಗುವುದೋ ಉಗುಳುವುದೋ ತಿಳಿಯದೆ ಅವಳು ಹಾಗೆಯೇ ಕುಸಿದಳು. ಕೂದಲು ಹಿಡಿದು ತಲೆಯೆತ್ತಿ ಅವನು ಅವಳ ಬಾಯೊಳಗೆ ಬೆರಳು ಹಾಕಿ ಅದನ್ನು ಹೊರಗೆ ತೆಗೆದ.

ಆಮೇಲೆ ಕೈ ತೊಳೆದು, ಪಾತ್ರೆಯ ಇನ್ನೊಂದು ಬದಿಯಿಂದ ಕತ್ತರಿಸಿ ದೇವರ ಮುಂದೆ ಇಟ್ಟು, ವಿಭೂತಿ ಹಚ್ಚಿಕೊಂಡು ಊಟಕ್ಕೆ ಕೂತ. "ಈ ಸಲ ಬೆಲ್ಲ ಹದಾ ಬಿದ್ದೈತಿ" ಎಂದು ಅವ್ವನಿಗೆ ಹೇಳಿದ. ನಿಜಕ್ಕೂ ಮೆಚ್ಚಿಕೊಂಡೇ ಹೇಳಿದ. ಅವಳ ಕೈಯ ಅಡಿಗೆಯೆಂದರೆ ಅವನಿಗೆ ಪ್ರಾಣ.

ಆಸ್ಪತ್ರೆಯಲ್ಲಿ ಕೈಗೆ ಪ್ಲಾಸ್ಟರ್ ಹಾಕಿದರು. ಏನಾಯಿತು ಎಂದು ಕೇಳಿದ್ದಕ್ಕೆ ಶಿರಿಷಾ ಬಾಯಿ ತೆರೆಯುವ ಮೊದಲೇ ಸಿದ್ದರಾಮೇಶ, "ಎಮ್ಮಿ ರೀ. ಹೊಸ್ದಾಗಿ ಕರ ಹಾಕೈತಿ" ಎಂದ.

ಎಮ್ಮೆ ಕರು ಹಾಕಿದ ಸುದ್ದಿಗೆ ತವರಿನವರನ್ನು ಗಿಣ್ಣಕ್ಕೆ ಕರೆಯುವುದು ವಾಡಿಕೆ. ಫೋನಿನಲ್ಲಿ ಅನ್ನಮ್ಮ ಕರುವಿನ ಸುದ್ದಿಯ ಜೊತೆಗೆ ಕೈಯ ಸುದ್ದಿಯನ್ನೂ ಹೇಳಿದಳು. ಹನುಮಂತು ಮೂರನೆಯ ದಿನ ಬಂದ. ಒಬ್ಬನೇ ಬರಲಿಲ್ಲ. ಟ್ರಾಲಿ ಆಟೊ ಮಾಡಿಸಿಕೊಂಡು, ದನದ ದಲ್ಲಾಳಿ ರಾಮುಲುವನ್ನೂ ಕರೆತಂದಿದ್ದ. ರಾಮುಲು ಗದ್ವಾಲದ ಕಡೆಯ ತೆಲುಗಿನವನು, ಸುತ್ತಲಿನ ಸಂತೆಗಳನ್ನೆಲ್ಲ ಸುತ್ತುವವನು. ಕನ್ನಡ ಅವನಿಗೆ ಅರ್ಧಂಬರ್ಧ ಬರುತ್ತಿತ್ತು.

ಹನುಮಂತು ತಂಗಿಯ ಪ್ಲಾಸ್ಟರ್ ಮುಟ್ಟಿ ನೋಡಿದ. ಕಣ್ಣು ಕೆಂಪಗಾದವು. "ನಾ ಕೊಟ್ಟ ಎಮ್ಮಿ. ನನ್ನ ಕೊಟ್ಟಿಗ್ಯಾಗಿಂದ ಬಂದ ಎಮ್ಮಿ ನನ್ನ ತಂಗಿ ಕೈ ಮುರೀತು. ಊರಾಗ ನಾ ಹೆಂಗ ಮಾರಿ ತೋರಸ್ಲಿ?"

"ಇರ್ಲಿ ಬಿಡ್ರಿ ಹನುಮಂತಣ್ಣ. ಮೂಕ ಪ್ರಾಣಿ, ಅದಕ್ಕೇನ್ ತಿಳೀತೈತಿ? ಮೊದಲ ಊಟಾ ಮಾಡ್ರಿ" ಎಂದು ಸಿದ್ದರಾಮೇಶ ತಾನೇ ಮಣೆ ಹಾಕಿದ.

ಎಡಗೈಯಿಂದ ಶಿರಿಷಾ ಬಡಿಸಿದಳು. ರೊಟ್ಟಿ ಅತ್ತೆ ಬಡಿದದ್ದು, ಅಂಚು ದಪ್ಪ. ಎಣ್ಣೆಗಾಯಿ, ಹುರಿದ ಗಿಣ್ಣ, ಗಟ್ಟಿ ಮೊಸರು. ಹನುಮಂತು ಹುರಿದ ಗಿಣ್ಣವನ್ನು ಮತ್ತೆ ಮತ್ತೆ ಹಾಕಿಸಿಕೊಂಡ.

"ಈ ಎಮ್ಮಿ ಹಾಲೇನೋ ಅಮೃತ ಐತಿ. ಗುಣ ಮಾತ್ರ ಮೂಳದ್ದು" ಎಂದ.

ರಾಮುಲು ಬೆರಳು ನೆಕ್ಕುತ್ತ, ಎಮ್ಮೆ ಎಂಬುದಕ್ಕೆ ತೆಲುಗಿನ ಮಾತನ್ನೇ ಕನ್ನಡದಲ್ಲಿ ಬೆರೆಸಿ, "ಒದಿಯೋ ಬರ್ರೆ ಯಾರು ಕಟ್ಟಿಕೊಂತರು ಅನ್ನಾ? ಹಾಲಿಗಿ ಅಂತ ಹೋಗಲ್ಲ. ತೂಕಕ್ಕ ಹೋಗತದ" ಎಂದ. ತೂಕಕ್ಕೆ ಹೋದ ದನ ಯಾವ ಕೊಟ್ಟಿಗೆಗೂ ಹೋಗುವುದಿಲ್ಲ ಎಂಬುದು ಅಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು.

"ಕರ?" ಎಂದಳು ಶಿರಿಷಾ.

"ತಾಯಿ ಹಿಂದ ಕರ" ಎಂದ ರಾಮುಲು.

ಕೈ ತೊಳೆದ ಹನುಮಂತು ಮೂಲೆಯಲ್ಲಿದ್ದ ಬಡಿಗೆ ಎತ್ತಿಕೊಂಡು ನೇರ ಕೊಟ್ಟಿಗೆಗೆ ನಡೆದ. ಮೊದಲ ಏಟು ಬೂದಿಯ ಬೆನ್ನ ಮೇಲೆ ಬಿತ್ತು. ಎರಡನೆಯದು ಮೂತಿಯ ಮೇಲೆ. "ನನ್ನ ತಂಗೀಗಿ ಒದಿತಿ? ಒದಿ! ನನಗ ಒದಿ!" ಬೂದಿ ಹಗ್ಗ ಎಳೆದು ಗೂಟದ ಸುತ್ತ ತಿರುಗಿತು. ಮೂಗಿನಿಂದ ರಕ್ತ ಇಳಿಯಿತು. ಕರು ಒರಲತೊಡಗಿತು. ಗೋಡೆಯ ಆಚೆ ತಿರುಪತಮ್ಮನ ತಲೆ ಕಾಣಿಸಿತು. ಸಿದ್ದರಾಮೇಶ ಸೊಂಟದ ಮೇಲೆ ಕೈಯಿಟ್ಟು, ಬೇರೆಯವರ ಮನೆಯ ಜಗಳ ನೋಡುವವನ ಹಾಗೆ ನಿಂತಿದ್ದ.

ಅಡಿಗೆಮನೆಯ ಬಾಗಿಲು ದಾಟಲು ಹೋದ ಶಿರಿಷಾಳ ತೋಳನ್ನು ಅನ್ನಮ್ಮ ಹಿಡಿದಳು.

"ಎಲ್ಲಿಗಿ?"

"ಎಮ್ಮಿ ಸಾಯ್ತದ ಅತ್ತಿ."

"ನಿಮ್ಮಣ್ಣನ ಕೈಯಾಗ ಬಡಿಗಿ ಐತಿ. ನೀ ಬಾಯಿ ತೆರದ್ರ ಅದು ಎತ್ತಾಗ ತಿರುಗತೈತಿ ಅಂತ ತಿಳೀತೈತಿಲ್ಲ? ಹೆಣ ಬೀಳತೈತಿ. ನಿಮ್ಮಣ್ಣ ಜೈಲಿಗಿ, ನೀ ಬೀದಿಗಿ. ಎಮ್ಮಿ ಹೋಗ್ಲಿ ಬಿಡು." ಮುದುಕಿ ದನಿ ತಗ್ಗಿಸಿದಳು. "ನನ್ನ ಕಾಲಕ್ಕ ಎಮ್ಮಿ ಇರಲಿಲ್ಲ. ಹಿತ್ತಲ ಬಾವಿ ಮೆಟ್ಟಲಾ ಜಾರಿದೆ ಅಂತಿದ್ದೆ. ಹಲ್ಲು ಹೋದಾಗ, ಬಸುರು ಇಳದಾಗ, ಎಲ್ಲಾದಕ್ಕೂ ಬಾವಿ. ಕಡೀಕ ನಮ್ಮಪ್ಪ ಬಂದು, ಮಗಳಿಗಿ ಕೇಡು ಅಂತ, ಆಳು ಹಚ್ಚಿ ಬಾವಿನ ಮುಚ್ಚಿಸಿಬಿಟ್ಟ. ಭಾಳ ಸಿಹಿ ನೀರಿತ್ತು ಅದರಾಗ."

"ಬಾವಿ ಮುಚ್ಚಿದ ಮ್ಯಾಲ ಮಾವ ಹೊಡೀಲಿಲ್ಲೇನು?"

ಅನ್ನಮ್ಮ ಅವಳ ತೋಳು ಬಿಟ್ಟು, ಎಲೆ ಅಡಿಕೆಯ ತಟ್ಟೆ ತೆಗೆದುಕೊಂಡು ಪಡಸಾಲೆಗೆ ಹೋದಳು.

ಹೊರಗೆ ಬಡಿಗೆ ಮತ್ತೆ ಬಿದ್ದಿತು. ಈ ಸಲ ಬೂದಿ ಹಿಂದಿನ ಕಾಲೆತ್ತಿ ಝಾಡಿಸಿತು. ಹಾಲಿನ ಬಕೆಟ್ಟು ಹಾರಿ ಗೋಡೆಗೆ ಬಡಿದು ನೆಗ್ಗಿತು. ಹುಟ್ಟಿದಾಗಿನಿಂದ ಅದು ಒದ್ದದ್ದು ಅದೇ ಮೊದಲು.

"ನೋಡಿದ್ರೇನು! ನೋಡಿದ್ರೇನು ಹನುಮಂತಣ್ಣ!" ಸಿದ್ದರಾಮೇಶ ಕೂಗಿದ. "ನಾ ಸುಳ್ಳು ಹೇಳಿದ್ನೇನು?"

ರಾಮುಲು ನಕ್ಕು ಟ್ರಾಲಿಯಿಂದ ಹಗ್ಗ ತರಲು ಹೋದ.

ಅಡಿಗೆಮನೆಯಲ್ಲಿ ಈಗ ಶಿರಿಷಾ ಒಬ್ಬಳೇ. ಅತ್ತೆ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಬಡಿಗೆ ಅಣ್ಣನ ಕೈಯಲ್ಲಿರುವಾಗ ಹೇಳಿದರೆ ತಲೆ ಒಡೆಯುತ್ತದೆ, ಗದ್ವಾಲದಿಂದ ಕಾವ್ಯ ರಜೆಗೆ ಬರುವುದು ಯಾವ ಮನೆಗೆ? ಅಣ್ಣನ ಸಿಟ್ಟು ಇಳಿದ ಮೇಲೆ ಮೆಲ್ಲಗೆ ಹೇಳಿದರೆ, ಗಂಡಸರಿಬ್ಬರೂ ಪಡಸಾಲೆಯಲ್ಲಿ ಕೂತು, ಎಲೆ ಅಡಿಕೆ ಹಾಕಿಕೊಂಡು, ಇನ್ನು ಮೇಲೆ ಹಿಂಗ ಮಾಡಬ್ಯಾಡ್ರಿ ಎಂದು ಮುಗಿಸುತ್ತಾರೆ. ಹೇಳದೇ ಇದ್ದರೆ ಬೂದಿ ಹೋಗುತ್ತದೆ. ಕೈ ಕೂಡಿದ ಮೇಲೆ ರೊಟ್ಟಿ ಬಡಿಯಬೇಕು, ಒಂದು ದಿನ ರೊಟ್ಟಿ ಉಬ್ಬುವುದಿಲ್ಲ. ಆಗ ಒದೆಯಿತೆಂದು ಹೇಳಲು ಇನ್ನೇನನ್ನು ಹುಡುಕುವುದು?

ಅವಳು ಹೊರಗೆ ಬಂದಳು. ಏದುಸಿರು ಬಿಡುತ್ತ ನಿಂತಿದ್ದ ಹನುಮಂತುವಿನ ಮುಂದೆ ಎಡಗೈ ಚಾಚಿದಳು.

"ಅಣ್ಣಾ, ಬಡಿಗಿ ಇಲ್ಲಿ ಕೊಡು."

"ಕೊಡ್ರಿ ಕೊಡ್ರಿ" ಎಂದು ಸಿದ್ದರಾಮೇಶ ನಕ್ಕ. "ಒದಿಸಿಕೊಂಡಾಕಿ ಆಕಿನ. ಒಂದೆರಡು ಹಾಕ್ಲಿ."

ಹನುಮಂತು ಕೊಟ್ಟ. ಬಡಿಗೆ ಬೆವರಿನಿಂದ ಒದ್ದೆಯಾಗಿತ್ತು, ತುದಿಗೆ ರಕ್ತವಿತ್ತು. ಗಂಡ ಕೈಗೆಟುಕುವಷ್ಟು ಹತ್ತಿರ ನಿಂತಿದ್ದ, ನಗುತ್ತಿದ್ದ, ಕೈಗಳು ಸೊಂಟದ ಮೇಲಿದ್ದವು. ಎಡಗೈಯ ಒಂದೇ ಏಟು ಸಾಕಿತ್ತು. ಅವಳು ಅವನ ಕಿವಿಯ ಮೇಲಿನ ಜಾಗವನ್ನು ನೋಡಿದಳು, ಎಷ್ಟು ಹೊತ್ತೋ ನೋಡಿದಳು. ಅವನ ನಗು ಸಣ್ಣಗಾಯಿತು. ಆಮೇಲೆ ಅವಳು ತಿರುಗಿ ಬಡಿಗೆಯನ್ನು ಗೋಡೆಯ ಆಚೆಯ ಜಾಲಿ ಪೊದೆಗೆ ಬೀಸಿ ಎಸೆದಳು.

"ಎಮ್ಮಿ ಒದ್ದಿಲ್ಲ ಅಣ್ಣಾ. ಯಾವತ್ತೂ ಒದ್ದಿಲ್ಲ. ಇವರು ಹೊಡದದ್ದು. ಹುಬ್ಬು, ಪಕ್ಕಿ, ತುಟಿ, ಈ ಕೈ. ಎಲ್ಲಾ ಇವರ."

ಹನುಮಂತು ತಂಗಿಯನ್ನು ನೋಡಿದ, ಅವಳ ಗಂಡನನ್ನು ನೋಡಿದ, ಖಾಲಿ ಕೈಯನ್ನು ನೋಡಿಕೊಂಡ. ಆಮೇಲೆ ಹಗ್ಗ ಹಿಡಿದು ಬಾಗಿಲಲ್ಲಿ ನಿಂತಿದ್ದ ದಲ್ಲಾಳಿಯ ಕಡೆ ತಿರುಗಿ, ತಗ್ಗಿದ ದನಿಯಲ್ಲಿ ಹೇಳಿದ. "ರಾಮುಲು, ನೀವು ಸ್ವಲ್ಪ ಹೊರಗ ನಿಂದರ್ರಿ. ಮನಿ ಮಾತು ಐತಿ."

ರಾಮುಲು ಅರ್ಥವಾದಷ್ಟಕ್ಕೇ ತಲೆಯಾಡಿಸಿ ತಿರುಗಿದ. ಅವನು ಆ ವಾರವೇ ನಾರಾಯಣಪೇಟೆ, ಮಕ್ತಲ್, ಗದ್ವಾಲ, ಉಂಡವಳ್ಳಿ ಎಂದು ಸುತ್ತುವವನು. ಹೋದಲ್ಲೆಲ್ಲ ಚಹಾದ ಜೊತೆ ನಾಲ್ಕು ಮನೆಯ ಸುದ್ದಿ ಹೇಳುವವನು. ಶಿರಿಷಾ ಹಿಂದಿನಿಂದ ನಾಲ್ಕು ಹೆಜ್ಜೆ ಓಡಿ, ಅವನಿಗೂ ಬಾಗಿಲಿಗೂ ನಡುವೆ ನಿಂತಳು. ಅವನಿಗೆ ಒಂದು ಅಕ್ಷರವೂ ತಪ್ಪದಂತೆ ತಿಳಿಯಲೆಂದು, ಎಮ್ಮೆ ಒದ್ದಿಲ್ಲ, ಹೊಡೆದದ್ದು ಗಂಡ ಎಂಬುದನ್ನು ಮತ್ತೊಮ್ಮೆ, ಗಟ್ಟಿಯಾಗಿ, ಅವನ ತೆಲುಗಿನಲ್ಲೇ ಹೇಳಿದಳು.